ಸೋಮವಾರ ನೊಗವಿಳಿಸುವ ವ್ರತದ ಕಥೆ

ಇದು ನಡೆದದ್ದು ಊರೂರಲ್ಲಿ ಕಲ್ಲುಗಾಣಗಳು ತಿರುಗುತ್ತಿದ್ದ ಕಾಲದಲ್ಲಿ, ಸೋಮಗಿರಿಯನ್ನು ಹಾಲಾಂಬಿಕೆ ಎಂಬ ರಾಣಿ ಆಳುತ್ತಿದ್ದಾಗ, ಒಂದು ಕಾರ್ತಿಕ ಮಾಸದಲ್ಲಿ.

ದೀಪದ ಸುತ್ತ ಕುಳಿತ ತಾಯಂದಿರೇ, ಮಕ್ಕಳೇ, ಅಕ್ಷತೆಯನ್ನು ಕೈಯಲ್ಲಿ ಹಿಡಿದು, ಮನಸ್ಸನ್ನು ಒಂದೆಡೆ ನಿಲ್ಲಿಸಿ ಕೇಳಿ.

ಸೋಮಗಿರಿಯ ನಡುವೆ ಸೋಮೇಶ್ವರ ಸ್ವಾಮಿಯ ಗುಡಿಯಿತ್ತು. ಗರ್ಭಗುಡಿಯ ಎದುರಿಗೆ ಎದೆಯೆತ್ತರದ ಕಲ್ಲಿನ ನಂದಿಯಿದ್ದನು. ಗುಡಿಗೆ ಬಂದವರು ಮೊದಲು ನಂದಿಯ ಹೆಗಲ ಮೇಲೆ ಕೈಯಿಟ್ಟು, ತಲೆ ಬಾಗಿಸಿ, ಅವನ ಎರಡು ಕೊಂಬುಗಳ ನಡುವಿನಿಂದ ಸ್ವಾಮಿಯನ್ನು ನೋಡುತ್ತಿದ್ದರು. ಹಾಗೆ ನೋಡಿದರೇ ದರ್ಶನ. ಹಾಗಲ್ಲದೆ ನೋಡಿದ್ದು ಬರಿಯ ನೋಟವೆಂದು ಆ ಸೀಮೆಯ ನಂಬಿಕೆ.

ಆ ಸೀಮೆಯಲ್ಲಿ ಸೋಮವಾರ ಯಾವ ಎತ್ತಿನ ಹೆಗಲಿಗೂ ನೊಗವಿಡುತ್ತಿರಲಿಲ್ಲ. ಆರು ದಿನ ಎತ್ತು ನಮ್ಮದು, ಏಳನೆಯ ದಿನ ಸ್ವಾಮಿಯದು ಎಂದು ಹಿರಿಯರು ಹೇಳಿಟ್ಟಿದ್ದರು. ಭಾನುವಾರ ಸಂಜೆ ನೊಗವಿಳಿಸಿ, ಸೋಮವಾರ ಬೆಳಿಗ್ಗೆ ಎತ್ತನ್ನು ಹಳ್ಳಕ್ಕೆ ಹೊಡೆದುಕೊಂಡು ಹೋಗಿ ಮೈ ತೊಳೆದು, ಹೆಗಲಿಗೆ ಬೆಚ್ಚಗಿನ ಎಣ್ಣೆ ತಿಕ್ಕಿ, ಹಿಂಡಿಯ ಮೊದಲ ಉಂಡೆಯನ್ನು ಅದಕ್ಕೆ ತಿನ್ನಿಸಿದ ಮೇಲೆಯೇ ಮನೆಯವರು ಉಣ್ಣುತ್ತಿದ್ದರು. ಇದಕ್ಕೆ ಮಂತ್ರವಿರಲಿಲ್ಲ, ಪುರೋಹಿತರಿರಲಿಲ್ಲ. ಆದರೂ ಇದೇ ಆ ಊರಿನ ದೊಡ್ಡ ವ್ರತವಾಗಿತ್ತು.

ಊರಿನ ಮೂಡಲ ದಿಕ್ಕಿನ ಗಾಣಿಗರ ಕೇರಿಯಲ್ಲಿ ನಿಂಗಸೆಟ್ಟಿ ಎಂಬ ಬಡವನೂ ಅವನ ಹೆಂಡತಿ ಗಿರಿಯವ್ವನೂ ಬಾಳುತ್ತಿದ್ದರು. ಅವರಿಗೆ ಇದ್ದದ್ದು ಒಂದು ಗಾಣ, ಒಂದು ಎತ್ತು. ಎತ್ತಿನ ಹೆಸರು ಬೂದ. ಅದು ಅವರ ಹಿತ್ತಿಲಲ್ಲೇ ಹುಟ್ಟಿತ್ತು. ಹುಟ್ಟಿದ ವಾರದಲ್ಲೇ ತಾಯಿ ಸತ್ತದ್ದರಿಂದ ಗಿರಿಯವ್ವ ಬಟ್ಟೆಯ ಚುಂಗನ್ನು ಗಂಜಿಯಲ್ಲಿ ಅದ್ದಿ ಅದರ ಬಾಯಿಗಿಟ್ಟು ಸಾಕಿದ್ದಳು. ಮದುವೆಯಾಗಿ ಬಹಳ ವರ್ಷ ಮಕ್ಕಳಾಗದ ಗಿರಿಯವ್ವನಿಗೆ ಆ ವರ್ಷ ಬಸಿರು ನಿಂತಿತ್ತು. ಕಾರ್ತಿಕ ಹುಟ್ಟುವ ಹೊತ್ತಿಗೆ ಐದು ತಿಂಗಳಾಗಿತ್ತು. ಈ ಕೂಸು ಉಳಿಯಬೇಕೆಂಬುದೊಂದೇ ಅವಳಿಗೆ ಹಗಲೂ ಇರುಳೂ ಇದ್ದ ಬೇಡಿಕೆ.

ಗಾಣದ ಎತ್ತಿನ ಕೆಲಸ ಹೊಲದ ಎತ್ತಿನ ಕೆಲಸದಂತಲ್ಲ. ಹೊಲದ ಎತ್ತಿಗೆ ಸಾಲಿನ ಕೊನೆ ಕಾಣುತ್ತದೆ. ಗಾಣದ ಎತ್ತು ಒರಳಿನ ಸುತ್ತ ಒಂದೇ ಜಾಡಿನಲ್ಲಿ ತಿರುಗಬೇಕು. ತಲೆ ಸುತ್ತಿ ಬೀಳದಂತೆ ಅದರ ಕಣ್ಣಿಗೆ ಬಟ್ಟೆ ಕಟ್ಟುತ್ತಾರೆ. ಭಾರವೆಲ್ಲ ಒಂದೇ ಮಗ್ಗುಲಿಗೆ ಬೀಳುವುದರಿಂದ ಆ ಮಗ್ಗುಲ ಹೆಗಲು ಬೇಗ ಸವೆಯುತ್ತದೆ. ಸವೆದ ತೊಗಲು ಕೂಡಿಕೊಳ್ಳಲು ಒಂದು ಪೂರ್ತಿ ದಿನ ಬೇಕು. ಹಿರಿಯರು ಸೋಮವಾರವನ್ನು ಇಟ್ಟದ್ದು ಅದಕ್ಕೆ. ಆದರೆ ಏಕೆ ಇಟ್ಟರೆಂಬುದು ಬರಬರುತ್ತಾ ಮರೆತು, ಇಟ್ಟಿದ್ದಾರೆ ಎಂಬುದಷ್ಟೇ ಉಳಿದಿತ್ತು.

ಹೀಗಿರಲು, ಪಕ್ಕದ ಸೀಮೆಯ ರಾಣಿ ತನ್ನ ಗುಡಿಯಲ್ಲಿ ಹತ್ತು ಸಾವಿರ ದೀಪ ಹಚ್ಚಿಸಿದಳೆಂಬ ಸುದ್ದಿ ಹಾಲಾಂಬಿಕೆಯ ಕಿವಿಗೆ ಬಿತ್ತು. ಬಿದ್ದದ್ದೇ ತಡ, ಕಾರ್ತಿಕದ ಕಡೆಯ ಸೋಮವಾರ ಸೋಮೇಶ್ವರನಿಗೆ ಲಕ್ಷ ದೀಪ ಹಚ್ಚಿಸುವೆನೆಂದು ಅವಳು ಸಂಕಲ್ಪ ಮಾಡಿದಳು. ದೀಪಕಂಬಗಳಿಗೆ ಕಲ್ಲು ತರಲು ಬಂಡಿಗಳು ಹೊರಟವು. ಹಣತೆ ಮಾಡಲು ಕುಂಬಾರರು ಕುಳಿತರು. ಎಣ್ಣೆಗೆಂದು ಗುಡಿಯ ಪಾರುಪತ್ತೆಗಾರ ಗಾಣಿಗರ ಕೇರಿಗೆ ಬಂದು, ಹಗಲು ಪೂರ್ತಿ ಗಾಣ ನಿಲ್ಲಬಾರದು, ಸೋಮವಾರವೂ ನಿಲ್ಲಬಾರದು ಎಂದನು.

ಕೇರಿಯ ಹಿರಿಯ ಮುದ್ದಸೆಟ್ಟಿ ಎದ್ದು ನಿಂತು, "ಆರು ದಿನ ಮೈಮುರಿದು ಮಾಡ್ತೀವಿ ಬುದ್ಧಿ. ಸೋಮವಾರ ಮಾತ್ರ ಕೇಳಬೇಡಿ" ಎಂದನು.

"ಸ್ವಾಮಿಯ ದಿನ, ಸ್ವಾಮಿಯ ಕೆಲಸ. ಅದರಲ್ಲಿ ದೋಷ ಎಲ್ಲಿಂದ ಬಂತು?"

"ಸ್ವಾಮಿಗೆ ಅಷ್ಟು ಅವಸರವಿದ್ದರೆ ಸ್ವಾಮಿಯೇ ಬಂದು ಗಾಣ ತಿರುಗಿಸಲಿ. ನನ್ನ ಎತ್ತು ಆವತ್ತು ಹಳ್ಳದಲ್ಲಿರುತ್ತೆ."

ಕೇರಿಯವರು ನಕ್ಕರು. ಪಾರುಪತ್ತೆಗಾರ ನಗಲಿಲ್ಲ. ಅವನು ಸುತ್ತ ನೋಡಿ, ಗೋಡೆಗೊರಗಿ ನಿಂತಿದ್ದ ಗಿರಿಯವ್ವನನ್ನು ಕಂಡು, ಅವಳ ಹೊಟ್ಟೆಯನ್ನೂ ಕಂಡು, "ಸೋಮವಾರ ತೆಗೆದ ಎಣ್ಣೆ ಯಾವ ಮನೆಯಿಂದ ಬರುತ್ತೋ ಆ ಮನೆಯ ಬಸಿರನ್ನ ಸ್ವಾಮಿ ಕಾಯ್ತಾನೆ" ಎಂದು ಹೇಳಿ ಹೋದನು.

ನಿಂಗಸೆಟ್ಟಿ ಮನೆಗೆ ಬಂದು, ನಮಗೇಕೆ, ಕೇರಿಗಾದದ್ದು ನಮಗಾಗಲಿ ಎಂದನು. ಗಿರಿಯವ್ವ ಉಂಡ ತಟ್ಟೆಯನ್ನು ತೊಳೆದಿಟ್ಟು ಬಂದು, "ದೀಪಕ್ಕೆ ತಾನೇ ಎಣ್ಣೆ. ನಾವೇನು ಮಾರಿಕೊಂಡು ತಿಂತೀವಾ? ಕೂಸಿಗೆ ಒಳ್ಳೇದಾಗುತ್ತೆ" ಎಂದಳು. ಗಂಡ ಒಪ್ಪಿಕೊಂಡನು. ಹೀಗೆ ಆ ಊರಿನಲ್ಲಿ ಸೋಮವಾರವನ್ನು ಮುರಿದ ಮೊದಲ ಮನೆ ಅವರದಾಯಿತು.

ಕಾರ್ತಿಕದ ಮೊದಲ ಸೋಮವಾರ ಬೆಳಿಗ್ಗೆ ಗಿರಿಯವ್ವ ಬೂದನ ಕಾಲು ತೊಳೆದು, ಕೊಂಬಿಗೆ ಎಣ್ಣೆ ಸವರಿ, ಹಣೆಗೆ ಕುಂಕುಮವಿಟ್ಟು, ಕೊರಳಿಗೆ ಕಣಗಿಲೆ ಹೂವಿನ ಸರ ಹಾಕಿ, ಆರತಿಯೆತ್ತಿ, ಅದರ ಮುಂಗಾಲು ಮುಟ್ಟಿ ಕಣ್ಣಿಗೊತ್ತಿಕೊಂಡು, ಆಮೇಲೆ ಅದರ ಕಣ್ಣಿಗೆ ಬಟ್ಟೆ ಕಟ್ಟಹೋದಳು. ಪೂಜೆ ಮಾಡಿ ಹೂಡಿದರೆ ಹೂಡಿದ್ದು ಪೂಜೆಯಾಗುತ್ತದೆಂದು ಅವಳ ಎಣಿಕೆ. ಹಗ್ಗ ಬಿಚ್ಚಿದೊಡನೆ ಬೂದ ತಾನಾಗಿಯೇ ಹಳ್ಳದ ದಾರಿ ಹಿಡಿಯಿತು. ಸೋಮವಾರವೆಂದು ಅದಕ್ಕೆ ಗೊತ್ತಿತ್ತು. ನಿಂಗಸೆಟ್ಟಿ ಕೊಂಬು ಹಿಡಿದು ತಿರುಗಿಸಿದನು. ಅದು ಮತ್ತೆ ಹಳ್ಳದ ಕಡೆಗೆ ತಿರುಗಿತು. ಆಗ ಗಿರಿಯವ್ವ ಅಂಗಳದಲ್ಲೇ ಕಣ್ಣಿಗೆ ಬಟ್ಟೆ ಕಟ್ಟಿ, ಕುರುಡನನ್ನು ನಡೆಸಿದಂತೆ ಗಾಣಕ್ಕೆ ನಡೆಸಿದಳು. ಆ ದಿನ ಎಣ್ಣೆ ಚೆನ್ನಾಗಿ ಇಳಿಯಿತು.

ಎರಡನೆಯ ಸೋಮವಾರ ಬೂದನ ಹೆಗಲ ತೊಗಲು ಕಿತ್ತಿತ್ತು. ಗಿರಿಯವ್ವ ಅರಿಸಿನ ಹಚ್ಚಿ, ಅದು ಕಾಣಬಾರದೆಂದು ಮೇಲೆ ಹೂವಿನ ಸರವನ್ನು ಇನ್ನೊಂದು ಸುತ್ತು ಸುತ್ತಿದಳು. ಮೂರನೆಯ ಸೋಮವಾರ ಹುಣ್ಣು ಅಂಗೈಯಗಲವಾಗಿ, ನೊಗವೆತ್ತಿದಾಗ ನೊಗಕ್ಕೆ ಅಂಟಿಕೊಂಡು ಬರುತ್ತಿತ್ತು. ಗಿರಿಯವ್ವ ತನ್ನ ಮದುವೆಯ ಸೀರೆಯ ಸೆರಗನ್ನು ಹರಿದು ನೊಗಕ್ಕೆ ಸುತ್ತಿದಳು. ಕೇರಿಯ ಹೆಂಗಸರು ಬಂದು ನೋಡಿ, "ದೇವರೆತ್ತು ಪಟ್ಟೆ ಉಟ್ಟಿದೆ, ನಮ್ಮೆತ್ತುಗಳಿಗೆ ಆ ಭಾಗ್ಯವಿಲ್ಲ" ಎಂದು ಮೂದಲಿಸಿ ಹೋದರು. ಗಿರಿಯವ್ವ ಬೂದನ ಮುಂದೆ ಹಿಂಡಿಯಿಟ್ಟಾಗ ಅದು ಮೂಸಿ ಬಿಟ್ಟಿತು. ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು, ಕೂಸು ಮಿಸುಕಿತು. ಸ್ವಾಮಿ ಒಪ್ಪಿಕೊಂಡಿದ್ದಾನೆಂದು ಅವಳು ಅದರಿಂದ ತಿಳಿದಳು. ಅದು ತಪ್ಪು ತಿಳಿವಳಿಕೆ.

ನಾಲ್ಕನೆಯ ಸೋಮವಾರವೇ ಲಕ್ಷ ದೀಪದ ದಿನ. ಬೂದ ಬೆಳಿಗ್ಗೆ ಏಳಲಿಲ್ಲ. ಎಬ್ಬಿಸಿದರು. ಆರತಿ ಎತ್ತಿದರು, ಕಣ್ಣು ಕಟ್ಟಿದರು, ಹೂಡಿದರು. ನಡುಹಗಲಿಗೆ ಅದು ನಿಂತಿತು. ನಿಂಗಸೆಟ್ಟಿ ಬಾರುಕೋಲಿನಿಂದ ಹೊಡೆದನು. ಅದು ಎರಡು ಸುತ್ತು ಬಂದು ಮತ್ತೆ ನಿಂತಿತು. ಅವನು ಕೋಲನ್ನು ತಿರುಗಿಸಿ ಹಿಡಿದು, ಹಿಡಿಯ ಕಡೆಯಿಂದ ಹೊಡೆದನು. ಬೂದ ಮೊಣಕಾಲೂರಿ, ಆಮೇಲೆ ಮಗ್ಗುಲಿಗೆ ಬಿತ್ತು. ಕಟ್ಟಿದ ಬಟ್ಟೆಯನ್ನು ಗಿರಿಯವ್ವ ಬಿಚ್ಚಿದಾಗ ಕಣ್ಣು ತೆರೆದಿತ್ತು, ನೋಟವಿರಲಿಲ್ಲ. ಕೊರಳ ಹೂವು ಬಾಡಿರಲಿಲ್ಲ.

ಗುಡಿಗೆ ಕೊಡಬೇಕಿದ್ದ ಎಣ್ಣೆಯ ಕೊಡ ತುಂಬಲು ಇನ್ನೂ ಕಾಲುಭಾಗ ಉಳಿದಿತ್ತು. ಎಣ್ಣೆಗೆ ಬಂದಿದ್ದ ಪಾರುಪತ್ತೆಗಾರ ಜಗಲಿಯಲ್ಲಿ ಕುಳಿತು ವೀಳ್ಯ ಮೆಲ್ಲುತ್ತಿದ್ದನು. ನಿಂಗಸೆಟ್ಟಿ ಕೇರಿಯೆಲ್ಲ ಓಡಾಡಿ ಎತ್ತು ಕೇಳಿದನು. ಸೋಮವಾರ ಯಾರೂ ಕೊಡಲಿಲ್ಲ. ಪಾರುಪತ್ತೆಗಾರ ಒಳಗೆ ಇಣುಕಿ ಹೇಳಿದನು:

"ನೋಡಮ್ಮ ಗಿರಿಯವ್ವ, ಹೊತ್ತು ಮುಳುಗೋದರೊಳಗೆ ಕೊಡ ತುಂಬದಿದ್ದರೆ ಲಕ್ಷಕ್ಕೆ ದೀಪ ಕಮ್ಮಿ ಬೀಳುತ್ತೆ. ಸಂಕಲ್ಪ ಮುರಿದ ದೋಷ ಸುಮ್ಮನೆ ಹೋಗಲ್ಲ. ರಾಣಿಯವರ ಮೇಲಂತೂ ಬೀಳಲ್ಲ. ಮತ್ತೆ ಯಾರ ಹೊಟ್ಟೆ ಮೇಲೆ ಬೀಳುತ್ತೆ, ನೀನೇ ಯೋಚನೆ ಮಾಡು."

ನಿಂಗಸೆಟ್ಟಿ ಸತ್ತ ಎತ್ತನ್ನು ಪಕ್ಕಕ್ಕೆಳೆದು ನೊಗಕ್ಕೆ ತಾನೇ ಹೆಗಲು ಕೊಟ್ಟನು. ಅವನೊಬ್ಬನಿಂದ ಗಾಣದ ಮರ ಅಲುಗಲಿಲ್ಲ. ಗಿರಿಯವ್ವ ಬಂದು ನೊಗದ ಇನ್ನೊಂದು ತುದಿ ಹಿಡಿದಳು. ಅವನು ಬೇಡವೆಂದನು. ಕೂಸಿಗಾಗಿ ಎಂದಳು. ಇಬ್ಬರೂ ತಳ್ಳಿದಾಗ ಗಾಣ ಕಿರುಗುಟ್ಟಿ ತಿರುಗಿತು.

ಸ್ವಲ್ಪ ಹೊತ್ತಿಗೆ ಅವಳಿಗೆ ತಲೆ ಸುತ್ತಿ, ಒರಳು, ಗೋಡೆ, ಬಾಗಿಲು ಎಲ್ಲವೂ ಒಂದರ ಹಿಂದೊಂದು ಓಡತೊಡಗಿದವು. ವಾಂತಿಯಾಯಿತು. ಆಗ ಅವಳು ಬೂದನ ಕಣ್ಣಿನ ಬಟ್ಟೆಯನ್ನು ನೆಲದಿಂದೆತ್ತಿ ತನ್ನ ಕಣ್ಣಿಗೆ ಕಟ್ಟಿಕೊಂಡಳು. ತಲೆಸುತ್ತು ನಿಂತಿತು. ಅದರೊಂದಿಗೆ ಉಳಿದದ್ದೂ ನಿಂತಿತು. ಹಗಲು ಎಷ್ಟು ಉಳಿದಿದೆ ಎಂದು ತಿಳಿಯಲಿಲ್ಲ. ಎಷ್ಟು ನಡೆದೆನೆಂದು ತಿಳಿಯಲಿಲ್ಲ. ಕೊಡ ತುಂಬಿತೋ ಇಲ್ಲವೋ ತಿಳಿಯಲಿಲ್ಲ. ಕಾಲಡಿಯ ಜಾಡು ಮತ್ತು ಹೆಗಲ ಮೇಲಿನ ಮರ, ಇವೆರಡೇ ಇದ್ದವು. ಸೋಮವಾರವೆಂಬುದು ಏನೆಂದು ಗಿರಿಯವ್ವನಿಗೆ ಆಗ ಗೊತ್ತಾಯಿತು. ಗೊತ್ತಾದರೂ ಅವಳು ನಿಲ್ಲಲಿಲ್ಲ, ಏಕೆಂದರೆ ನಿಲ್ಲು ಎಂದು ಹೇಳುವವರು ಯಾರೂ ಇರಲಿಲ್ಲ.

ಕೊಡ ತುಂಬಿತು. ಪಾರುಪತ್ತೆಗಾರ ಹೊರಿಸಿಕೊಂಡು ಹೋದನು. ಗುಡಿಯಲ್ಲಿ ಮೊದಲ ದೀಪ ಹಚ್ಚುವ ಹೊತ್ತಿಗೆ ಗಿರಿಯವ್ವನಿಗೆ ಗಾಣದ ಜಾಡಿನಲ್ಲೇ ನೋವೆದ್ದು, ಮುದ್ದಸೆಟ್ಟಿಯ ಹೆಂಡತಿ ಓಡಿಬಂದು ಸೀರೆ ಅಡ್ಡ ಹಿಡಿದು, ಕೂಸು ಹೊರಬಂತು. ಗಂಡುಕೂಸು. ಅದು ಅಳಲಿಲ್ಲ. ಬೂದನನ್ನೂ ಅದನ್ನೂ ಹಿತ್ತಿಲಿನಲ್ಲಿ ಅಕ್ಕಪಕ್ಕ ಹೂಳಿದರು.

ಇತ್ತ ಗುಡಿಯಲ್ಲಿ ಲಕ್ಷ ದೀಪಗಳು ಉರಿದವು. ಒಂದೂ ಕಮ್ಮಿ ಬೀಳಲಿಲ್ಲ. ಹಾಲಾಂಬಿಕೆ ರಾಣಿ ಪರಿವಾರದೊಡನೆ ಬಂದು, ವಾಡಿಕೆಯಂತೆ ನಂದಿಯ ಹೆಗಲ ಮೇಲೆ ಕೈಯಿಟ್ಟು, ತಲೆ ಬಾಗಿಸಿ, ಕೊಂಬುಗಳ ನಡುವಿನಿಂದ ಸ್ವಾಮಿಯನ್ನು ನೋಡಹೋದಳು. ಕೈಗೆ ಒದ್ದೆ ತಗುಲಿತು. ಅವಳು ಕೈ ತೆಗೆದು ದೀಪದ ಬೆಳಕಿಗೆ ಹಿಡಿದು ನೋಡಿದಳು. ಕೀವು, ರಕ್ತ. ಕಲ್ಲಿನ ನಂದಿಯ ಹೆಗಲ ಮೇಲೆ ಅಂಗೈಯಗಲ ಹುಣ್ಣಾಗಿತ್ತು, ನೊಣಗಳು ಮುತ್ತಿದ್ದವು.

ಅರ್ಚಕರು ಗಂಧ ತೇಯ್ದು ಬಳಿದರು. ಬೆಣ್ಣೆ ಮೆತ್ತಿದರು. ಎರಡೂ ನಿಲ್ಲಲಿಲ್ಲ. ಕೊನೆಗೆ ಪಟ್ಟೆವಸ್ತ್ರ ಹೊದಿಸಿ, ಅದರ ಮೇಲೆ ಹೂವಿನ ಹೊರೆ ಹಾಕಿ ಮುಚ್ಚಿದರು. ನೊಣಗಳು ಹೂವಿನ ಮೇಲೆ ಕುಳಿತವು. ಮರುದಿನದಿಂದ ನಂದಿಯನ್ನು ಮುಟ್ಟಲು ಜನ ಹೇಸಿದರು. ನಂದಿಯನ್ನು ಮುಟ್ಟದೆ ದರ್ಶನವಿಲ್ಲ. ಹೀಗೆ ಸ್ವಾಮಿ ಗರ್ಭಗುಡಿಯಲ್ಲಿದ್ದೂ ಸೋಮಗಿರಿಯವರಿಗೆ ಇಲ್ಲವಾದನು.

ರಾಣಿ ಕೈಯನ್ನು ಸೀಗೆಯಿಂದ ತೊಳೆದಳು, ಪನ್ನೀರಿನಿಂದ ತೊಳೆದಳು. ಒದ್ದೆ ಹೋಯಿತು, ನಾತ ಹೋಗಲಿಲ್ಲ. ತುತ್ತೆತ್ತಿದರೆ ನಾತ ಮೊದಲು ಬರುತ್ತಿತ್ತು. ದಾಸಿಯರು ತಿನ್ನಿಸಿದರೂ ಅವಳ ಕೈ ಅವಳ ಜೊತೆಗೇ ಇರುತ್ತಿತ್ತು. ರಾಣಿ ಸೊರಗಿದಳು. ಪಾರುಪತ್ತೆಗಾರ ಇನ್ನೂ ಒಂದು ಲಕ್ಷ ದೀಪ ಹಚ್ಚಿಸಿದರೆ ದೋಷ ಕಳೆಯಬಹುದೆಂದನು. ರಾಣಿ ಅವನ ಮುಖವನ್ನು ಬಹಳ ಹೊತ್ತು ನೋಡಿ, ಎದ್ದು ಒಳಗೆ ಹೋದಳು.

ಗಿರಿಯವ್ವನ ಮನೆಯ ಕಥೆ ಅದಕ್ಕಿಂತ ಕೆಳಗಾಯಿತು. ನಿಂಗಸೆಟ್ಟಿ ಮಾತು ಬಿಟ್ಟನು. ಗಾಣ ನಿಂತಿತು, ಒರಳಲ್ಲಿ ಜೇಡ ಬಲೆ ಕಟ್ಟಿತು. ಅವಳು ಕಂಡವರ ಹೊಲದಲ್ಲಿ ಕಳೆ ಕಿತ್ತು ತಂದದ್ದನ್ನು ಇಬ್ಬರೂ ಉಣ್ಣುತ್ತಿದ್ದರು, ಉಣ್ಣದ ದಿನವೂ ಇತ್ತು. ಎದೆಯಲ್ಲಿ ಹಾಲು ಬಂದು, ಕುಡಿಯುವವರಿಲ್ಲದೆ ಗಟ್ಟಿಯಾಗಿ ನೋವಾಯಿತು, ಆಮೇಲೆ ಬತ್ತಿತು. ಎದುರಿಗೆ ಬಂದ ಹೆಂಗಸರು ಸೆರಗು ಸರಿಮಾಡಿಕೊಂಡು ದಾರಿ ಬದಲಿಸುತ್ತಿದ್ದರು. ಮುದ್ದಸೆಟ್ಟಿಯ ಹೆಂಡತಿ ಮಾತ್ರ ಆಗಾಗ ಒಂದು ಪಾವು ರಾಗಿಹಿಟ್ಟು ತಂದು ಬಾಗಿಲಲ್ಲಿಟ್ಟು, ಬೈದು ಹೋಗುತ್ತಿದ್ದಳು.

ಹೀಗೆ ವರ್ಷ ತುಂಬುತ್ತಾ ಬಂದು ಮತ್ತೆ ಆಶ್ವಯುಜ ಮುಗಿಯುವ ಹೊತ್ತಿಗೆ, ಒಂದು ಸೋಮವಾರ ಬೆಳಿಗ್ಗೆ ಗಿರಿಯವ್ವ ಹಳ್ಳದಲ್ಲಿ ಎತ್ತು ತೊಳೆಯುವ ಕಡವಿನ ಮೇಲೆ ಸುಮ್ಮನೆ ಕುಳಿತಿದ್ದಳು. ಸಗಣಿ ಆಯುವ ಮುದುಕಿಯೊಬ್ಬಳು ಮಂಕರಿ ಹೊತ್ತು ಬಂದು, ಮಂಕರಿಯನ್ನಿಳಿಸಿ ಪಕ್ಕದಲ್ಲಿ ಕುಳಿತಳು. ಆ ಊರಿನವಳಲ್ಲ.

"ಎತ್ತಿಲ್ಲದೆ ಎತ್ತಿನ ಕಡವಿಗೆ ಬಂದಿದ್ದೀಯಲ್ಲೇ. ಯಾರನ್ನ ತೊಳೆಯೋಕೆ?" ಎಂದಳು ಮುದುಕಿ.

ಗಿರಿಯವ್ವ ನಡೆದದ್ದನ್ನೆಲ್ಲ ಹೇಳಿದಳು. ಹೇಳಿ, "ದೋಷ ಕಳೀಬೇಕು ಅಜ್ಜಿ. ಎಷ್ಟು ದೀಪ ಹಚ್ಚಲಿ?" ಎಂದು ಕೇಳಿದಳು.

"ಇನ್ನೂ ದೀಪವಾ? ಹಚ್ಚಿದ್ದು ಸಾಲಲಿಲ್ಲವಾ?"

"ದೇವರ ಕೆಲಸ ಅಂತ ಮಾಡಿದೆ ಅಜ್ಜಿ."

"ದೇವರ ಹೆಸರು ಹೇಳಿ ಹೊಡೆದರೆ ಪೆಟ್ಟು ಮೆತ್ತಗಾಗುತ್ತಾ, ಮಗಳೇ?"

"ಪೂಜೆ ಮಾಡಿಯೇ ಹೂಡಿದ್ದೆ. ಹೂವು ಹಾಕಿದ್ದೆ."

"ಹಾಕಿದ್ದೆ, ಸರಿ. ಹುಣ್ಣಿನ ಮೇಲಾ, ಪಕ್ಕಕ್ಕಾ?"

ಮುದುಕಿ ಮಡಿಲಿನಿಂದ ಒಣ ರೊಟ್ಟಿ ತೆಗೆದು ಮುರಿದು ಅರ್ಧ ಅವಳಿಗೆ ಕೊಟ್ಟು, ಅಗಿಯುತ್ತಾ ಅಗಿಯುತ್ತಾ ವ್ರತದ ವಿಧಿ ಹೇಳಿದಳು. ಯಾರಿಗೂ ಬೇಡವಾದ ಒಂದು ಎತ್ತನ್ನು ತಂದು ಕಟ್ಟಬೇಕು. ವರ್ಷಕಾಲ ಅದರಿಂದ ಏನನ್ನೂ ತೆಗೆದುಕೊಳ್ಳಬಾರದು. ಸೋಮವಾರ ಅದನ್ನು ತೊಳೆದು ತಿನ್ನಿಸಿ ಆಮೇಲೆ ಉಣ್ಣಬೇಕು. ಸಂಜೆ ದೀಪ ಹಚ್ಚುವ ಮುಂಚೆ ಅದರ ಹೆಗಲಿನ ಮೇಲೆ ಬರಿಯ ಕೈಯಿಡಬೇಕು.

"ಕೈ ಒಣಗಿದ್ದರೆ ದೀಪ ಹಚ್ಚು. ಒದ್ದೆಯಾಗಿದ್ದರೆ ಕತ್ತಲಲ್ಲಿ ಕೂತುಕೋ."

"ಸ್ವಾಮಿಯ ಮುಂದೆ ದೀಪವಿಲ್ಲದೆಯಾ?"

"ಅವನು ಕತ್ತಲಲ್ಲಿ ಇರಬಲ್ಲ. ಬೆಳಕು ಹುಟ್ಟೋಕೆ ಮುಂಚೆ ಎಲ್ಲಿದ್ದ ಅಂದುಕೊಂಡೆ?"

"ನನ್ನ ಕೂಸು ಬರುತ್ತಾ ಅಜ್ಜಿ?"

"ಬರಲ್ಲ" ಎಂದಳು ಮುದುಕಿ. "ಬೂದನೂ ಬರಲ್ಲ. ಹೋದದ್ದನ್ನ ತರೋ ವ್ರತ ಇದಲ್ಲ. ಮುಂದೆ ಬರೋದನ್ನ ಕಾಯೋದು." ಹೀಗೆಂದು ಮಂಕರಿಯನ್ನು ತಲೆಗೇರಿಸಿಕೊಂಡು ಹಳ್ಳ ದಾಟಿ ಹೋದಳು. ಅವಳು ಯಾರೆಂದು ಗಿರಿಯವ್ವ ಕೇಳಲಿಲ್ಲ. ನೀವೂ ಕೇಳಬಾರದು.

ಹಳ್ಳದ ಆಚೆ, ದೀಪಕಂಬದ ಕಲ್ಲುಗಳನ್ನೆಳೆದು ಸವೆದು, ಅರಮನೆಯ ಬಂಡಿಯವರು ಬಿಟ್ಟುಹೋದ ಒಂದು ಎತ್ತು ಅಲೆಯುತ್ತಿತ್ತು. ಅದರ ಹೆಗಲು ಕೊಳೆತು ಹುಳು ಬಿದ್ದಿತ್ತು. ಗಿರಿಯವ್ವ ಅದನ್ನು ಹಗ್ಗ ಹಾಕಿ ತಂದು ಬೂದನ ಗೂಟಕ್ಕೆ ಕಟ್ಟಿದಳು. ಹುಳುಗಳನ್ನು ಒಂದೊಂದಾಗಿ ಕಡ್ಡಿಯಿಂದ ತೆಗೆದಳು. ಬೇವಿನೆಲೆ ಕುದಿಸಿದ ನೀರಿನಿಂದ ತೊಳೆದು, ಬೇವಿನೆಣ್ಣೆ ಬಿಟ್ಟಳು. ಅದು ಒದೆಯಿತು, ಅವಳ ಮೊಣಕಾಲು ಬಾತಿತು. ಅದಕ್ಕೆ ಅವಳು ಹೆಸರಿಡಲಿಲ್ಲ. ಸೋಮವಾರ ಸಂಜೆ ಕೈಯಿಟ್ಟು ನೋಡಿದಳು. ಒದ್ದೆ. ಮನೆಯಲ್ಲಿ ದೀಪ ಹಚ್ಚದೆ ಕತ್ತಲಲ್ಲಿ ಕುಳಿತಳು. ಮುಂದಿನ ಸೋಮವಾರವೂ ಒದ್ದೆ. ಅದರ ಮುಂದಿನದೂ ಹಾಗೆಯೇ. ಕಾರ್ತಿಕದಲ್ಲಿ ಊರೆಲ್ಲ ಹೊಸಿಲಿಗೆ ದೀಪವಿಟ್ಟಾಗ ಅವಳ ಹೊಸಿಲು ಕತ್ತಲಾಗಿತ್ತು. ಎಣ್ಣೆ ಮಾಡುವವರ ಮನೆಗೆ ಎಣ್ಣೆಯಿಲ್ಲ ಎಂದು ಜನ ಆಡಿಕೊಂಡರು. ನಿಂಗಸೆಟ್ಟಿ ಅವಳ ಪಕ್ಕದಲ್ಲಿ ಬಂದು ಕುಳಿತುಕೊಳ್ಳುತ್ತಿದ್ದನು, ಮಾತಾಡುತ್ತಿರಲಿಲ್ಲ.

ಕಾರ್ತಿಕದಲ್ಲಿ ದೀಪ ಹಚ್ಚದ ಮನೆಯೊಂದಿದೆಯೆಂಬ ದೂರು ಅರಮನೆಗೆ ಹೋಯಿತು. ರಾಣಿ ಪಲ್ಲಕ್ಕಿಯನ್ನು ಕೇರಿಯ ಬಾಯಲ್ಲಿ ನಿಲ್ಲಿಸಿ, ಒಬ್ಬಳೇ ಕತ್ತಲ ಮನೆಯ ಒಳಗೆ ಬಂದು, ಏಕೆ ಹಚ್ಚಿಲ್ಲವೆಂದು ಕೇಳಿದಳು. ಗಿರಿಯವ್ವ ಎದ್ದು ನಿಂತು ವ್ರತದ ವಿಧಿಯನ್ನು ಹೇಳಿ, "ತಾವೂ ಮುಟ್ಟಿ ನೋಡಿ, ತಾಯಿ. ಎತ್ತು ತಮ್ಮದೇ" ಎಂದಳು.

ರಾಣಿ ಮುಟ್ಟಿದಳು. ಆ ನಾತ ಅವಳಿಗೆ ಗುರುತಿತ್ತು. ಅವಳು ಕೈ ತೆಗೆಯಲಿಲ್ಲ. ಬೇವಿನ ನೀರು ತರಿಸಿಕೊಂಡು, ಸೆರಗು ಸಿಕ್ಕಿಸಿ, ಆ ಕೈಯಿಂದಲೇ ಹುಣ್ಣನ್ನು ತೊಳೆದಳು. ಮುಂದಿನ ಸೋಮವಾರವೂ ಬಂದಳು, ಅದರ ಮುಂದಿನದಕ್ಕೂ ಬಂದಳು. ಪರಿವಾರದವರು ನಾಚಿದರು, ಅವಳು ನಾಚಲಿಲ್ಲ. ಮಾಘ ಮಾಸದ ಒಂದು ಸೋಮವಾರ ಸಂಜೆ ಗಿರಿಯವ್ವ ಎತ್ತಿನ ಹೆಗಲ ಮೇಲೆ ಕೈಯಿಟ್ಟಾಗ ಕೈ ಒಣಗಿತ್ತು. ರಾಣಿ ಕೈಯಿಟ್ಟಳು, ಅವಳದೂ ಒಣಗಿತ್ತು. ಆಗ ದೀಪ ಹಚ್ಚಿದರು. ನಿಂಗಸೆಟ್ಟಿ ಆ ಬೆಳಕಿನಲ್ಲಿ ಹೆಂಡತಿಯ ಮುಖ ನೋಡಿ, "ಸೊರಗಿದ್ದೀಯ" ಎಂದನು. ವರ್ಷದ ಮೇಲೆ ಅವನಾಡಿದ ಮೊದಲ ಮಾತು ಅದು.

ಆ ಹೊತ್ತಿಗೇ ಗುಡಿಯಲ್ಲಿ ನಂದಿಯ ಹೆಗಲಿನಿಂದ ನೊಣಗಳೆದ್ದವು. ಅರ್ಚಕರು ಹೂವು, ವಸ್ತ್ರ ತೆಗೆದು ನೋಡಲು ಹುಣ್ಣು ಒಣಗಿ, ಕಲ್ಲು ಕಲ್ಲಾಗಿತ್ತು. ಆದರೆ ಅಲ್ಲಿ ಅಂಗೈಯಗಲದ ಒಂದು ತಗ್ಗು ಉಳಿಯಿತು. ಶಿಲ್ಪಿಗಳು ಅದನ್ನು ತುಂಬಹೋದಾಗ ರಾಣಿ ಬೇಡವೆಂದಳು. ಆ ರಾತ್ರಿ ಅವಳು ತನ್ನ ಕೈಯಿಂದ ಉಂಡಳು.

ಮರುದಿನ ರಾಣಿ ಡಂಗುರ ಹೊಡೆಸಿದಳು: ಸೋಮವಾರ ನೊಗವಿಲ್ಲ. ರೈತನಿಗಿಲ್ಲ, ಗಾಣಿಗನಿಗಿಲ್ಲ, ಅರಮನೆಗಿಲ್ಲ, ಗುಡಿಗೂ ಇಲ್ಲ. ದೇವರ ಹೆಸರಿನಲ್ಲಿ ಕೇಳುವವನಿಗೆ ಮೊದಲು ಇಲ್ಲ. ಪಾರುಪತ್ತೆಗಾರನನ್ನು ಊರ ಗೋಶಾಲೆಯಲ್ಲಿ ಸಗಣಿ ಬಾಚುವ ಕೆಲಸಕ್ಕೆ ಹಾಕಿದಳು. ಅವನು ಅಲ್ಲಿಯೇ ಮುದುಕನಾದನು.

ಎತ್ತಿನ ಹೆಗಲು ಮಾದ ಮೇಲೂ ವಿಧಿಯಂತೆ ಗಿರಿಯವ್ವ ವರ್ಷ ತುಂಬುವವರೆಗೆ ಅದನ್ನು ಹೂಡಲಿಲ್ಲ. ಆಮೇಲೆ ಹೂಡಿದಾಗ ಆರು ದಿನ ಹೂಡಿದಳು, ಏಳನೆಯ ದಿನ ಹಳ್ಳಕ್ಕೆ ಬಿಟ್ಟಳು. ಗಾಣ ತಿರುಗಿತು, ಎಣ್ಣೆ ತಿಳಿಯಾಗಿ ಇಳಿಯಿತು, ಬಾಗಿಲಿಗೆ ಕೊಳ್ಳುವವರು ಬಂದರು. ಮನೆಗೆ ಹೆಂಚು ಬಂತು. ಅವಳ ಮಡಿಲೂ ತುಂಬಿತು. ಹಿತ್ತಿಲಿನ ಆ ಎರಡು ಗುಡ್ಡೆಗಳ ಮೇಲೆ ಮಾತ್ರ ಅವಳು ಏನನ್ನೂ ನೆಡಲಿಲ್ಲ.

ಆದ್ದರಿಂದ ತಾಯಂದಿರೇ, ಈ ವ್ರತ ಹಿಡಿದವರು ಸೋಮವಾರ ಎತ್ತಿಗೆ ನೊಗವಿಡಬಾರದು. ಎತ್ತಿಲ್ಲದವರು ತಮ್ಮ ಮನೆಗೆ ದುಡಿಯುವ ಯಾವ ಮೂಕಪ್ರಾಣಿಯಿದೆಯೋ ಅದರ ಮೈಯನ್ನು ಕೈಯಿಂದ ತಡವಿ ನೋಡಬೇಕು. ಕಣ್ಣಿನಿಂದ ನೋಡಿದರೆ ಸಾಲದು, ಹೂವಿನ ಕೆಳಗೆ ಏನಿದೆಯೆಂದು ಕಣ್ಣಿಗೆ ಕಾಣುವುದಿಲ್ಲ. ಅದು ಉಂಡ ಮೇಲೆ ಉಣ್ಣಬೇಕು. ನೋಯಿಸಿ ತಂದದ್ದನ್ನು ಸ್ವಾಮಿಯ ಮುಂದಿಡಬಾರದು. ಇಡಲು ಬೇರೇನೂ ಇಲ್ಲದಿದ್ದರೆ ಬರಿಗೈಯಲ್ಲಿ ಕುಳಿತುಕೊಳ್ಳಬೇಕು; ಅದಕ್ಕೆ ದೋಷವಿಲ್ಲ.

ಈ ಕಥೆಯನ್ನು ದೀಪದ ಮುಂದೆ ಓದಿದವರಿಗೂ, ಕಿವಿಗೊಟ್ಟು ಕೇಳಿದವರಿಗೂ, ಕೇಳಿ ಇನ್ನೊಬ್ಬರಿಗೆ ಹೇಳಿದವರಿಗೂ ಗಿರಿಯವ್ವನಿಗೆ ದೊರೆತ ಫಲವೇ ದೊರೆಯುವುದು. ಆ ಫಲವನ್ನು ಹೆಚ್ಚು ಮಾಡಿಯೂ ಹೇಳಬಾರದು, ಕಡಿಮೆ ಮಾಡಿಯೂ ಹೇಳಬಾರದು. ಗಿರಿಯವ್ವ ಹೆತ್ತ ಮಕ್ಕಳು ನಾಲ್ಕು. ಬದುಕಿದ್ದು ಮೂರು.